ಫೋಟೋಗೆ ನೋವಾಗಲ್ಲ

ವಯಸ್ಸಾದವರು ಬಿದ್ದು 'ಸೊಂಟ ಮುರೀತು' ಅಂತೀವಲ್ಲ, ಬಹಳಷ್ಟು ಸಲ ಮುರಿದಿರೋದು ಸೊಂಟ ಅಲ್ಲ, ತೊಡೆಮೂಳೆಯ ಮೇಲ್ತುದಿ. ಅಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರದ ಒಂದು ಗುಂಡು, ಅದರ ಕೆಳಗೆ ಕುತ್ತಿಗೆ, ಆಮೇಲೆ ಉದ್ದನೆಯ ಮೂಳೆ. ನಮ್ಮಜ್ಜಿ 79ನೇ ವಯಸ್ಸಲ್ಲಿ ಬಚ್ಚಲುಮನೆಯಲ್ಲಿ ಜಾರಿದಾಗ ಮುರಿದದ್ದು ಕುತ್ತಿಗೆಯೂ ಉದ್ದ ಮೂಳೆಯೂ ಸೇರುವ ಜಾಗ. ಎರಡನೇ ದಿನವೇ ಆಪರೇಷನ್ ಆಯ್ತು. ಮೂಳೆಯೊಳಗೆ ಉದ್ದಕ್ಕೆ ಒಂದು ರಾಡ್, ಅದರ ಮೂಲಕ ಗುಂಡಿನೊಳಕ್ಕೆ ಒಂದು ದಪ್ಪ ಸ್ಕ್ರೂ. ವಾಕರ್ ಹಿಡಿದು ನಿಂತೂ ಬಿಟ್ಟರು.

ತಾಪತ್ರಯ ಶುರುವಾಗಿದ್ದು ಆಮೇಲೆ. ಮೂರು ತಿಂಗಳಾದ ಮೇಲೆ ಕಮ್ಮಿಯಾಗಬೇಕಿದ್ದ ನೋವು ಜಾಸ್ತಿ ಆಗ್ತಾ ಹೋಯ್ತು. ಪ್ರತಿ ಸಲ ಎಕ್ಸ್‌ರೇ, ಪ್ರತಿ ಸಲ ಅದೇ ಉತ್ತರ: ರಾಡ್ ಜಾಗದಲ್ಲೇ ಇದೆ, ಮೂಳೆ ಕೂಡ್ತಾ ಇದೆ. ದೊಡ್ಡಪ್ಪನಿಗೆ ಅಷ್ಟು ಸಾಕಾಯ್ತು. "ಅಮ್ಮಂಗೆ ಭಯ ಅಷ್ಟೇ, ಹೆಜ್ಜೆ ಇಡೋಕೆ ಸೋಮಾರಿತನ" ಅಂದರು. ಅಜ್ಜಿ ಮಂಚದ ಮೇಲಿಂದಲೇ ಹೇಳಿದ್ದು: "ಫೋಟೋ ಚೆನ್ನಾಗಿದ್ರೆ ಫೋಟೋನೇ ನಡೆಸ್ಕೊಂಡು ಹೋಗಪ್ಪ. ನೋವು ಅದಕ್ಕಾಗ್ತಿಲ್ಲ, ನಂಗಾಗ್ತಿದೆ."

ಆಫೀಸಲ್ಲಿ ನಮಗೆಲ್ಲ ಈ ಪರಿಸ್ಥಿತಿ ಗೊತ್ತು. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಕಸ್ಟಮರ್ ಮಾತ್ರ ಫೋನಲ್ಲಿ ಬೈತಾ ಇರ್ತಾನೆ. ಆಗ ಕೇಳಬೇಕಾದ ಪ್ರಶ್ನೆ, ಈ ಡ್ಯಾಶ್‌ಬೋರ್ಡ್ ಅಳೀತಾ ಇರೋದು ಏನನ್ನ?

ಎಕ್ಸ್‌ರೇ ಅಂದ್ರೆ ನೆರಳು. ಗೋಡೆ ಮೇಲೆ ಚೊಂಬಿನ ನೆರಳು ಬಿದ್ದರೆ ಆಕಾರ ಗೊತ್ತಾಗುತ್ತೆ, ಚೊಂಬಿನ ಆಚೆ ಬದಿ ಸೀಳಿದೆಯಾ ಅಂತ ಗೊತ್ತಾಗಲ್ಲ. ಅದಕ್ಕೇ ಡಾಕ್ಟರುಗಳು ಮುಂದಿನಿಂದ ಒಂದು, ಪಕ್ಕದಿಂದ ಒಂದು ತೆಗೆಸ್ತಾರೆ. ಈ ಎರಡು ನೆರಳಿಂದಲೇ ಅವರು ಎಷ್ಟೋ ಲೆಕ್ಕ ಹಾಕಿದ್ದಾರೆ. 1995ರಲ್ಲಿ ಅಮೆರಿಕದ ಬೌಮ್‌ಗಾರ್ಟ್‌ನರ್ ಮತ್ತು ಸಂಗಡಿಗರು ಒಂದು ಸರಳ ಅಳತೆ ಕೊಟ್ಟರು. ಸ್ಕ್ರೂ ತುದಿಯಿಂದ ಗುಂಡಿನ ನೆತ್ತಿಗೆ ಇರುವ ದೂರವನ್ನು ಎರಡೂ ಚಿತ್ರಗಳಲ್ಲಿ ಅಳೆದು ಕೂಡಿಸಿ. ಮೊತ್ತ 25 ಮಿಲಿಮೀಟರ್ ಒಳಗಿದ್ದರೆ ಸ್ಕ್ರೂ ಗುಂಡನ್ನು ಸೀಳಿಕೊಂಡು ಹೊರಬರುವ ಅಪಾಯ ತೀರಾ ಕಡಿಮೆ. ಹಾಗೆ ಹೊರಬರೋದಕ್ಕೆ ಅವರ ಭಾಷೆಯಲ್ಲಿ 'ಕಟೌಟ್' ಅಂತ ಹೆಸರು. ಬೆಂಗಳೂರಲ್ಲಿ ಕಟೌಟ್ ಅಂದ್ರೆ ಹಾಲೆರೆಯೋದು ಮಾತ್ರ ಅಂದ್ಕೊಂಡಿದ್ದವನು ನಾನು.

ಅಜ್ಜಿಯ ಸ್ಕ್ರೂ ಈ ಅಳತೆಯಲ್ಲಿ ಪಾಸ್. ಆದರೂ ನೋವು ಯಾಕೆ? ನಾವು ತೋರಿಸಿದ ಎರಡನೇ ಡಾಕ್ಟರು ಅಜ್ಜಿಯ ಮಾತನ್ನ ಪೂರ್ತಿ ಕೇಳಿಸಿಕೊಂಡು ಸಿಟಿ ಸ್ಕ್ಯಾನ್ ಬರೆದರು.

ಸಿಟಿ ಯಂತ್ರ ಕಟ್ಟಿದ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇಎಂಐ ಕಂಪನಿಯಲ್ಲಿದ್ದ ಇಂಜಿನಿಯರು. 1971ರಲ್ಲಿ ಲಂಡನ್‌ನಲ್ಲಿ ಮೊದಲ ರೋಗಿಯ ಸ್ಕ್ಯಾನ್, 1979ರಲ್ಲಿ ಕಾರ್ಮ್ಯಾಕ್ ಜೊತೆ ನೊಬೆಲ್. ಕೆಲಸದ ರೀತಿ ಬಾಳೆದಿಂಡು ಹೆಚ್ಚಿದ ಹಾಗೆ. ಸುತ್ತಲಿಂದ ಕಿರಣ ಹಾಯಿಸಿ ದೇಹದ ತೆಳು ಬಿಲ್ಲೆಗಳ ಚಿತ್ರ ತೆಗೆಯೋದು, ಆಮೇಲೆ ಕಂಪ್ಯೂಟರಿನಲ್ಲಿ ಬಿಲ್ಲೆಗಳನ್ನ ಮತ್ತೆ ಜೋಡಿಸಿ ಇಡೀ ದಿಂಡು ಮಾಡಿಕೊಳ್ಳೋದು. ಆ ದಿಂಡನ್ನ ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು, ಯಾವ ಕೋನದಲ್ಲಿ ಬೇಕಾದರೂ ಮತ್ತೆ ಹೆಚ್ಚಬಹುದು.

ಡಾಕ್ಟರು ಸ್ಕ್ರೀನಿನ ಮೇಲೆ ಅಜ್ಜಿಯ ಮೂಳೆಯನ್ನ ತಿರುಗಿಸಿದರು. ಮುಂದುಗಡೆ ನಿಜವಾಗಿಯೂ ಸ್ವಲ್ಪ ಕೂಡಿತ್ತು. ಹಿಂದುಗಡೆ, ಎಕ್ಸ್‌ರೇಯಲ್ಲಿ ಲೋಹದ ನೆರಳು ಮುಚ್ಚಿದ್ದ ಜಾಗದಲ್ಲಿ, ಬಿರುಕು ಬಾಯಿಬಿಟ್ಟುಕೊಂಡೇ ಇತ್ತು. ಮೂಳೆ ಕೂಡದಿದ್ದರೆ ಪ್ರತಿ ಹೆಜ್ಜೆಯ ಭಾರವೂ ಲೋಹದ ಮೇಲೆ. ಗುಂಡಿನೊಳಗೆ ಸ್ಕ್ರೂ ಸುತ್ತ ಸಣ್ಣದಾಗಿ ಪೊಳ್ಳು ಬಿದ್ದಿತ್ತು, ಅಂದ್ರೆ ಹಿಡಿತ ಸಡಿಲವಾಗ್ತಿತ್ತು. "ನೋವು ಬರದೇ ಇದ್ದಿದ್ರೆ ಆಶ್ಚರ್ಯ" ಅಂದರು. ದೊಡ್ಡಪ್ಪ ತುಂಬ ಹೊತ್ತು ಆ ಬಿರುಕನ್ನೇ ನೋಡ್ತಾ ಕೂತಿದ್ದರು.

ಹಾಗಂತ ಎಲ್ಲರಿಗೂ ಸಿಟಿ ಬೇಕಿಲ್ಲ. ಅದರಲ್ಲಿ ವಿಕಿರಣ ಎಕ್ಸ್‌ರೇಗಿಂತ ಹೆಚ್ಚು, ಖರ್ಚೂ ಹೆಚ್ಚು; ಗಾಯ ಸರಿಯಾಗಿ ಮಾಗ್ತಿದ್ದರೆ ಎಕ್ಸ್‌ರೇ ಸಾಕು. ಲೋಹದ ಸುತ್ತ ಸಿಟಿಯಲ್ಲೂ ಬಿಳಿ-ಕಪ್ಪು ಗೆರೆಗಳು ಚೆಲ್ಲಿಕೊಳ್ತವೆ, ಅದನ್ನ ಕಮ್ಮಿ ಮಾಡೋ ಸಾಫ್ಟ್‌ವೇರ್ ಬೇಕು. ಇನ್ನೊಂದು ತಮಾಷೆ ಕೇಳಿ. ನಾವು ಬಾಯಿಬಿಟ್ಟು ನೋಡೋ ಆ ತ್ರೀಡಿ ಚಿತ್ರ ಸಣ್ಣ ಬಿರುಕುಗಳನ್ನ ನುಣುಪು ಮಾಡಿ ಮುಚ್ಚಿಹಾಕಲೂಬಹುದು. ಡಾಕ್ಟರು ತೀರ್ಮಾನಕ್ಕೆ ಬಂದದ್ದು ಬೂದುಬಣ್ಣದ ಆ ಬಿಲ್ಲೆಗಳನ್ನ ಒಂದೊಂದಾಗಿ ನೋಡಿ. ತ್ರೀಡಿ ನಮಗೆ ಅರ್ಥವಾಗಲಿ ಅಂತ.

ರಾಡ್ ತೆಗೆದು ಕೃತಕ ಕೀಲು ಹಾಕಿದರು. ಎರಡನೇ ಆಪರೇಷನ್ ಆ ವಯಸ್ಸಿಗೆ ಸುಲಭದ್ದಲ್ಲ. ಸಣ್ಣ ಕುಂಟು ಉಳಿದಿದೆ, ಕೋಲು ಬೇಕು. ಆದರೆ ಈಗ ತುಳಸಿಕಟ್ಟೆ ತನಕ ಒಬ್ಬರೇ ಹೋಗಿ ನೀರು ಹಾಕಿ ಬರ್ತಾರೆ.

ನಿಮ್ಮ ಮನೆಯಲ್ಲೂ ಇಂಥ ಆಪರೇಷನ್ ಆದವರಿರಬಹುದು. ತಿಂಗಳುಗಳು ಕಳೆದರೂ ಕಾಲೂರಿದಾಗ ನೋವು ಏರ್ತಾನೇ ಇದ್ದರೆ, ಪಾದ ಹೊರಕ್ಕೆ ತಿರುಗಿದ್ದರೆ, ಕಾಲು ಗಿಡ್ಡವಾಗ್ತಿದ್ದರೆ, ರಿಪೋರ್ಟು ನೋಡಿ ಸುಮ್ಮನಾಗಬೇಡಿ. "ಈ ಚಿತ್ರದಲ್ಲಿ ಕಾಣದೇ ಇರೋದು ಏನಾದ್ರೂ ಇರಬಹುದಾ?" ಅಂತ ಡಾಕ್ಟರನ್ನ ಕೇಳಿ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಬೇಜಾರಾಗಲ್ಲ. ಯಾವ ಸ್ಕ್ಯಾನಿಗೂ ಮುಂಚೆ ಬಿರುಕಿನ ಸುದ್ದಿ ತಂದವರು ಮಂಚದ ಮೇಲೆ ಕೂತಿದ್ದ ಅಜ್ಜಿ.