ಕಂಪೈಲರಿನ ನೆಲೆ ಮತ್ತು ಮೂಲ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಕಂಪೈಲರಿನ ವಿಚಾರ ದೂರದ್ದೆನಿಸಬಹುದು. ಆದರೆ ಸಂಧಿ ಬಿಡಿಸಿ ಪದಸೂಚಿ ತಯಾರಿಸುವ ಪುಟ್ಟ ತಂತ್ರಾಂಶವೊಂದನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದಂದಿನಿಂದ ನನಗೆ ಅದು ನಮ್ಮ ಅಧ್ಯಯನಕ್ಷೇತ್ರದ ಒಳಗಿನ ಪ್ರಶ್ನೆಯಾಗಿಯೇ ಕಂಡಿದೆ.

ಪದಸೂಚಿಯ ಬೆಲೆ ಅದನ್ನು ಇನ್ನೊಬ್ಬರು ಪರೀಕ್ಷಿಸಬಲ್ಲರೇ ಎಂಬುದನ್ನು ಅವಲಂಬಿಸಿದೆ. ಲೋಪಸಂಧಿಯನ್ನು ಕುರಿತ ನನ್ನ ನಿಯಮವೊಂದನ್ನು ಒಪ್ಪದ ಸಹೋದ್ಯೋಗಿ ಅದನ್ನು ತಿದ್ದಿ, ತಂತ್ರಾಂಶವನ್ನು ಮತ್ತೆ ಕಟ್ಟಿ, ಎಣಿಕೆ ಹೇಗೆ ಬದಲಾಗುತ್ತದೆಂದು ನೋಡುವಂತಿರಬೇಕು. ಅವರ ಗಣಕದಲ್ಲಿ ಕಂಪೈಲರ್ ಇಲ್ಲ, ಅಂತರಜಾಲವಿಲ್ಲ, ಹೊಸದೇನನ್ನೂ ಸ್ಥಾಪಿಸುವ ಅಧಿಕಾರವೂ ಅವರಿಗಿಲ್ಲ. ಆದ್ದರಿಂದ ಯಾವ ಕಡತಕೋಶಕ್ಕೆ ನಕಲಿಸಿದರೂ ಕೆಲಸ ಮಾಡುವ, ತನಗೆ ಬೇಕಾದುದನ್ನೆಲ್ಲ ತನ್ನೊಳಗೇ ಇಟ್ಟುಕೊಂಡ ಕಂಪೈಲರ್ ಸರಂಜಾಮನ್ನು ಲಿನಕ್ಸಿನಲ್ಲಿ ಮೂಲದಿಂದಲೇ ಕಟ್ಟಲು ತೊಡಗಿದೆ.

ಕಟ್ಟುವ ಕ್ರಮವನ್ನು ಸುಲಭವಾಗಿ ಹೇಳಬಹುದು. ಮೊದಲು ಅಸೆಂಬ್ಲರ್, ಲಿಂಕರ್‌ಗಳಿರುವ ಬಿನ್‌ಯುಟಿಲ್ಸ್. ಬಳಿಕ ಸಿ ಭಾಷೆಯಷ್ಟನ್ನೇ ಬಲ್ಲ ಅರೆಬರೆ ಜಿಸಿಸಿ. ಅದರಿಂದ ಜಿಲಿಬ್‌ಸಿ ಎಂಬ ಸಿ ಲೈಬ್ರರಿ. ಅದರ ಮೇಲೆ ಪೂರ್ಣ ಜಿಸಿಸಿ. ತೊಡಕಿರುವುದು ವಿಳಾಸದಲ್ಲಿ. ಲಿನಕ್ಸಿನ ಸಾಮಾನ್ಯ ತಂತ್ರಾಂಶದೊಳಗೆ, ಅದನ್ನು ಓಡಲು ಅಣಿಗೊಳಿಸುವ ಲೋಡರ್ ಎಲ್ಲಿದೆ ಎಂಬುದು ಪೂರ್ಣ ಹಾದಿಯಾಗಿ ಬರೆದಿರುತ್ತದೆ. ಲೈಬ್ರರಿಗಳನ್ನು ಹುಡುಕುವ ಹಾದಿಯನ್ನಾದರೂ 'ಒರಿಜಿನ್' ಎಂಬ ಸಂಕೇತದ ನೆರವಿನಿಂದ, ತಾನಿರುವ ಜಾಗಕ್ಕೆ ಸಾಪೇಕ್ಷವಾಗಿ ಹೇಳಬಹುದು. ಲೋಡರಿನ ಹಾದಿಗೆ ಆ ಸೌಲಭ್ಯವಿಲ್ಲ. ಕರ್ನೆಲ್ ಅದನ್ನು ಇದ್ದ ಹಾಗೆಯೇ ಓದುತ್ತದೆ. ಹಾಗಾಗಿ ಲೈಬ್ರರಿಗಳನ್ನು ಒಡಲಲ್ಲೇ ಬೆಸೆದು ಕಂಪೈಲರನ್ನು ಕಟ್ಟಿದೆ. ಜಿಸಿಸಿಯ ಒಂದು ಗುಣ ಇಲ್ಲಿ ನೆರವಾಯಿತು. ಹೆಡರ್ ಕಡತಗಳೂ ಲೈಬ್ರರಿಗಳೂ ಇರುವ 'ಸಿಸ್‌ರೂಟ್' ಸ್ಥಾಪನೆಯ ಕೋಶದೊಳಗೇ ಇದ್ದರೆ, ಇಡೀ ಕೋಶವನ್ನು ಸರಿಸಿದರೂ ಅದು ತಾನು ನಿಂತ ಜಾಗದಿಂದ ಲೆಕ್ಕ ಹಾಕಿ ಅವನ್ನು ಕಂಡುಕೊಳ್ಳುತ್ತದೆ. ಪದಸೂಚಿಯ ತಂತ್ರಾಂಶವನ್ನೂ ಹಾಗೆಯೇ ಬೆಸೆದದ್ದರಿಂದ ಆ ಗಣಕದ ಹಳೆಯ ಜಿಲಿಬ್‌ಸಿ ಅಡ್ಡಬರಲಿಲ್ಲ. ಸಹೋದ್ಯೋಗಿ ಪಡೆದ ಎಣಿಕೆ ನನ್ನದಕ್ಕಿಂತ ಭಿನ್ನವಾಗಿಯೇ ಬಂತು. ಆ ಭಿನ್ನಾಭಿಪ್ರಾಯ ಇನ್ನೂ ಬಗೆಹರಿದಿಲ್ಲ. ಆದರೆ ಈಗ ಅದು ವ್ಯಾಕರಣದ ಚರ್ಚೆ, ಯಂತ್ರದ್ದಲ್ಲ.

ಮೂಲದಿಂದ ಕಟ್ಟಿದೆ ಎಂದೆನಷ್ಟೆ. 'ಮೂಲ' ಎಂಬ ಆ ಮಾತೇ ನನ್ನನ್ನು ಹೆಚ್ಚು ಕಾಡಿತು. ಜಿಸಿಸಿಯನ್ನು ಕಟ್ಟಲು ಮೊದಲೇ ಒಂದು ಕಂಪೈಲರ್ ಬೇಕು, 2013ರ 4.8ನೆಯ ಆವೃತ್ತಿಯಿಂದೀಚೆಗೆ ಸಿ ಪ್ಲಸ್ ಪ್ಲಸ್ ಬಲ್ಲದ್ದೇ ಬೇಕು. ಇದರ ಪರಿಣಾಮವೇನೆಂಬುದನ್ನು ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ತೋರಿಸಿದರು: ದುಷ್ಟ ಸೇರ್ಪಡೆಯೊಂದು ಮೂಲಪಾಠದಲ್ಲಿ ಎಲ್ಲಿಯೂ ಕಾಣಿಸದೆ, ಒಂದು ಕಂಪೈಲರಿನಿಂದ ಅದು ಕಟ್ಟುವ ಮುಂದಿನ ಕಂಪೈಲರಿಗೆ ದಾಟುತ್ತ ಹೋಗಬಲ್ಲದು. ನಾವು ಬಲ್ಲ ಪ್ರಕ್ಷಿಪ್ತ ಪಾಠದಲ್ಲಿ ಕಣ್ಣಿಗಾದರೂ ಬೀಳುತ್ತದೆ. ಜಿಸಿಸಿಯ ಮೂರು ಹಂತಗಳ ನಿರ್ಮಾಣದಲ್ಲಿ ಕೊನೆಯ ಎರಡು ಹಂತಗಳ ಫಲವನ್ನು ಹೋಲಿಸುವ ಕ್ರಮವಿದೆ ನಿಜ. ಅದು ಒಂದೇ ಮಾತೃಕೆಯಿಂದ ಇಳಿದ ಎರಡು ಪ್ರತಿಗಳನ್ನು ಹೋಲಿಸಿದಂತೆ. ಮಾತೃಕೆಯ ದೋಷ ಎರಡರಲ್ಲೂ ಇರುತ್ತದೆ. ಡೇವಿಡ್ ವೀಲರ್ 2005ರಲ್ಲಿ ಮಂಡಿಸಿ, 2009ರ ಪಿಎಚ್.ಡಿ. ಪ್ರಬಂಧದಲ್ಲಿ ವಿಸ್ತರಿಸಿದ ವಿಧಾನ ಬೇರೆ. ಸಂಬಂಧವಿಲ್ಲದ ಇನ್ನೊಂದು ಕಂಪೈಲರಿನಿಂದ ಅದೇ ಮೂಲವನ್ನು ಕಟ್ಟಿ, ಅದರಿಂದ ಮತ್ತೊಮ್ಮೆ ಕಟ್ಟಿ, ದೊರೆತದ್ದನ್ನು ಮೊದಲಿನದರೊಡನೆ ಅಕ್ಷರಶಃ ಹೋಲಿಸುವುದು. ಬೇರೆ ಶಾಖೆಯ ಪ್ರತಿಯನ್ನು ತರಿಸಿ ಪಾಠ ನಿರ್ಣಯಿಸುವ ನಮ್ಮ ಪದ್ಧತಿಯೇ ಇದು. ನಾನು ಕ್ಲ್ಯಾಂಗ್ ಕಂಪೈಲರಿನಿಂದ ಆರಂಭಿಸಿ ಇನ್ನೊಮ್ಮೆ ಕಟ್ಟಿದೆ. ಕೊನೆಯ ಹಂತದ ಆಬ್ಜೆಕ್ಟ್ ಕಡತಗಳು ಹೊಂದಿದವು.

ಇಷ್ಟಾದ ಮೇಲೆ, ಹುಟ್ಟಿದ ಜಾಗದ ಹೆಸರು ಎಲ್ಲಾದರೂ ಉಳಿದಿದೆಯೇ ಎಂದು ಇಡೀ ಕೋಶದಲ್ಲಿ ಹುಡುಕಿದೆ. ಲಿಬ್‌ಟೂಲ್ ಬಿಟ್ಟುಹೋಗುವ ಕೆಲವು ಪಠ್ಯಕಡತಗಳಲ್ಲಿತ್ತು, ಅವನ್ನು ತೆಗೆದೆ. ದೋಷಶೋಧನೆಗೆಂದು ಸೇರಿಸಿದ ವಿವರಗಳಲ್ಲಿಯೂ ಇತ್ತು. ಅದರಿಂದ ಕೆಲಸಕ್ಕೆ ಬಾಧೆಯಿಲ್ಲವಾಗಿ, ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆದ ಊರಿನ ಹೆಸರಿನಂತೆ, ಹಾಗೆಯೇ ಬಿಟ್ಟಿದ್ದೇನೆ.