ಮುಕ್ಕಾಲು ಯೂನಿಟ್ ಕರೆಂಟು, ಮೂರು ತಾಲೂಕು

ಕುಂದಾಪುರ ಕಡೆ ಹೈಬ್ರಿಡ್ ಕಾರು ಇಟ್ಟುಕೊಂಡವರಿಗೆ ಎರಡು ಪ್ರಶ್ನೆ ತಪ್ಪಿದ್ದಲ್ಲ. ಮೊದಲನೆಯದು, "ಹ್ವಾಯ್, ಇದನ್ನ್ ಎಲ್ಲ್ ಚಾರ್ಜ್ ಮಾಡುದ್?" ಎರಡನೆಯದು, "ಎಷ್ಟ್ ಮೈಲೇಜ್ ಬತ್ತ್?"

ಮೊದಲನೆಯದಕ್ಕೆ ಉತ್ತರ ಸುಲಭ: ಎಲ್ಲೂ ಇಲ್ಲ, ಪೆಟ್ರೋಲ್ ಹಾಕಿದರೆ ಸಾಕು. ಎರಡನೆಯದಕ್ಕೆ ಒಂದೇ ಸಂಖ್ಯೆ ಹೇಳಿದರೆ ಅರ್ಧ ಸುಳ್ಳು ಹೇಳಿದ ಹಾಗೆ. ಯಾಕೆಂದರೆ ಅದು ಕಾರಿಗಿಂತ ಹೆಚ್ಚಾಗಿ ರಸ್ತೆಯ ಮೇಲೆ ನಿಂತ ವಿಷಯ. ಬ್ರಹ್ಮಾವರದಿಂದ ಬೈಂದೂರಿಗೆ ಸುಮಾರು 60 ಕಿ.ಮೀ. ಇಷ್ಟರೊಳಗೆ ನಮ್ಮಲ್ಲಿ ಚತುಷ್ಪಥ ಹೆದ್ದಾರಿ ಇದೆ, ಗಿಜಿಗುಡುವ ಪೇಟೆ ಇದೆ, ಗದ್ದೆ ನಡುವಿನ ಒಳದಾರಿ ಇದೆ. ಸ್ವಲ್ಪ ಪೂರ್ವಕ್ಕೆ ತಿರುಗಿದರೆ ಘಾಟಿಯೂ ಇದೆ. ಒಂದೇ ಹೈಬ್ರಿಡ್ ಕಾರು ಈ ನಾಲ್ಕು ಕಡೆ ನಾಲ್ಕು ಥರ ನಡೆದುಕೊಳ್ಳುತ್ತದೆ.

ನಮ್ಮ ಮನೆ ತೆಕ್ಕಟ್ಟೆ ಹತ್ತಿರ. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುವವನು, ಕಾರು ಓಡಿಸುವುದು ಹೆಚ್ಚಾಗಿ 62 ವರ್ಷದ ಅಪ್ಪಯ್ಯ. ತಿಂಗಳಿಗೆ ಎರಡು ಸಲ ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಉಳಿದ ದಿನ ಕುಂದಾಪುರ ಪೇಟೆ, ನೆಂಟರ ಮನೆ, ದೇವಸ್ಥಾನ. ನಾನು 400 ಕಿ.ಮೀ. ದೂರದಲ್ಲಿರುವಾಗ ಈ ಗಾಡಿ ಅವರ ಕೈಕೊಡಬಾರದು. ಕಾರು ಆರಿಸುವಾಗ ಮೈಲೇಜಿಗಿಂತ ದೊಡ್ಡ ಪ್ರಶ್ನೆ ಅದೇ ಆಗಿತ್ತು.

ಮೊದಲು, ಒಳಗೆ ಏನಿದೆ?

ಮಧ್ಯಮ ವರ್ಗದ ಕೈಗೆಟುಕುವ ಕೆಲವು ಹೈಬ್ರಿಡ್‌ಗಳು ನಮ್ಮ ರಾಜ್ಯದ್ದೇ ಉತ್ಪನ್ನ. ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ 2022ರಲ್ಲಿ ಬಿಡದಿಯ ಕಾರ್ಖಾನೆಯಲ್ಲಿ ಶುರುವಾದವು. ಎರಡರ ಒಳಗೂ ಒಂದೇ ಯಂತ್ರ: 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್, ಜತೆಗೆ ವಿದ್ಯುತ್ ಮೋಟಾರು, ಮತ್ತು 0.76 ಕಿಲೋವ್ಯಾಟ್ ಅವರ್‌ನ ಬ್ಯಾಟರಿ. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಮುಕ್ಕಾಲು ಯೂನಿಟ್. ಅಷ್ಟೇ! ವಿದ್ಯುತ್ ಕಾರುಗಳಲ್ಲಿ ಇರುವುದು 30, 40, 50 ಯೂನಿಟ್.

ಹಾಗಾದರೆ ಇಷ್ಟು ಸಣ್ಣ ಬ್ಯಾಟರಿಯಿಂದ ಏನು ಪ್ರಯೋಜನ? ಅದು ಗೋಡೌನ್ ಅಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹಾಳಾಗುವ ಶಕ್ತಿಯನ್ನು ಮೋಟಾರು ಹಿಡಿದು ಒಳಗೆ ಹಾಕುತ್ತದೆ, ಮುಂದೆ ಗಾಡಿ ಎಳೆಯುವಾಗ ತೆಗೆದು ಕೊಡುತ್ತದೆ. ದಿನಕ್ಕೆ ನೂರು ಸಲ ತುಂಬುವುದು, ನೂರು ಸಲ ಖಾಲಿಯಾಗುವುದು. ಬ್ರೇಕ್ ಒತ್ತುವ ಸಂದರ್ಭ ಎಷ್ಟು ಹೆಚ್ಚೋ ಲಾಭ ಅಷ್ಟು ಹೆಚ್ಚು.

ಇಲ್ಲೊಂದು ಎಚ್ಚರಿಕೆ. 'ಸ್ಮಾರ್ಟ್ ಹೈಬ್ರಿಡ್' ಅಂತ ಫಲಕ ಹಾಕಿಕೊಂಡ ಕೆಲವು ಗಾಡಿಗಳಲ್ಲಿ ಮೋಟಾರು ಎಂಜಿನ್ನಿಗೆ ಚೂರು ಕೈಜೋಡಿಸುತ್ತದೆ, ತಾನೊಂದೇ ಚಕ್ರ ತಿರುಗಿಸಲಾರದು. ಅದು ಮೈಲ್ಡ್ ಹೈಬ್ರಿಡ್. ನಾನು ಹೇಳುತ್ತಿರುವುದು ಎಂಜಿನ್ ಪೂರ್ತಿ ನಿಲ್ಲಿಸಿ ಕರೆಂಟಿನಲ್ಲೇ ಸ್ವಲ್ಪ ದೂರ ಹೋಗಬಲ್ಲ ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ.

ಹೆದ್ದಾರಿ: ಅಂದುಕೊಂಡದ್ದಕ್ಕಿಂತ ಕಡಿಮೆ

ನಮ್ಮಲ್ಲಿ ಹಳೇ ಲೆಕ್ಕ ಒಂದಿದೆ: ಪೇಟೆಯಲ್ಲಿ ಮೈಲೇಜ್ ಕಡಿಮೆ, ಹೈವೇಯಲ್ಲಿ ಜಾಸ್ತಿ. ಹೈಬ್ರಿಡ್ ಇದನ್ನು ತಲೆಕೆಳಗು ಮಾಡುತ್ತದೆ.

ಬ್ರಹ್ಮಾವರ ದಾಟಿ ಉತ್ತರಕ್ಕೆ ಬನ್ನಿ. ಮಾಬುಕಳದಲ್ಲಿ ಸೀತಾ ನದಿ ಸೇತುವೆ, ಆಮೇಲೆ ಸಾಸ್ತಾನ ಟೋಲ್, ಸಾಲಿಗ್ರಾಮ, ಕೋಟ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಾಡಿ 90–100ರಲ್ಲಿ ಒಂದೇ ಸಮ ಓಡುತ್ತಿದ್ದರೆ ಬ್ರೇಕ್ ಇಲ್ಲ, ಬ್ರೇಕ್ ಇಲ್ಲದಿದ್ದರೆ ವಾಪಸ್ ಸಿಗುವ ಕರೆಂಟೂ ಇಲ್ಲ. ಹೆಚ್ಚಿನ ಹೊತ್ತು ಎಂಜಿನ್ನೇ ದುಡಿಯುತ್ತದೆ. ಅದರ ಮೇಲೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: 80ರಲ್ಲಿ ಇದ್ದದ್ದು 100ಕ್ಕೆ ಬಂದಾಗ ಒಂದೂವರೆ ಪಟ್ಟಿಗೂ ಮೇಲೆ. ನಮ್ಮ ಗಾಡಿಯ ಪರದೆ ಈ ಓಟದಲ್ಲಿ ಲೀಟರಿಗೆ 20ರ ಆಸುಪಾಸು ತೋರಿಸುತ್ತದೆ. 75–80ಕ್ಕೆ ಇಳಿಸಿದರೆ 22–23. ಕಂಪನಿ ಕಾಗದದಲ್ಲಿ ಇರುವ 27.97 ಹೆದ್ದಾರಿಯಲ್ಲಿ ಸಿಗುವ ಅಂಕಿ ಅಲ್ಲ ಮಾರ್ರೆ.

ಮರವಂತೆಯಲ್ಲಿ ಎಲ್ಲರೂ ವೇಗ ಇಳಿಸುತ್ತಾರೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಗಾಡಿ ನಿಧಾನವಾದ ಕೂಡಲೇ ಎಂಜಿನ್ ಸುಮ್ಮನಾಗುತ್ತದೆ, ಅಲೆಯ ಸದ್ದು ಮಾತ್ರ ಉಳಿಯುತ್ತದೆ. ಮೈಲೇಜ್ ಲೆಕ್ಕದಲ್ಲಿ ಇದಕ್ಕೆ ಕಾಲಂ ಇಲ್ಲ, ಆದರೂ ಹೇಳದಿದ್ದರೆ ತಪ್ಪಾಗುತ್ತದೆ. ಹಾಗೇ ಇನ್ನೊಂದು ಮಾತು: ಆ ಗಾಳಿಯಲ್ಲಿ ಉಪ್ಪಿದೆ. ಕಡಲ ಬದಿಯವರು ಯಾವ ಕಾರಾದರೂ ಸರಿ, ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸುತ್ತಾ ಇರಬೇಕು.

ಪೇಟೆ ಮತ್ತು ಒಳದಾರಿ: ಇಲ್ಲೇ ಅಸಲಿ ಸಂಪಾದನೆ

ಕುಂದಾಪುರದ ಶಾಸ್ತ್ರಿ ಸರ್ಕಲ್, ಬ್ರಹ್ಮಾವರದ ಬಸ್‌ಸ್ಟ್ಯಾಂಡ್, ಸಂತೆ ದಿನದ ರಸ್ತೆ. ಹತ್ತು ಅಡಿ ಮುಂದೆ, ನಿಲ್ಲು, ಮತ್ತೆ ಹತ್ತು ಅಡಿ. ಸಾಮಾನ್ಯ ಕಾರು ನಿಂತಲ್ಲೇ ಪೆಟ್ರೋಲ್ ಕುಡಿಯುವ ಜಾಗ ಇದು. ಹೈಬ್ರಿಡ್ ಇಲ್ಲಿ ಕರೆಂಟಿನಲ್ಲೇ ತೆವಳುತ್ತದೆ. ಎಸಿಯ ಕಂಪ್ರೆಸರ್ ಕೂಡ ವಿದ್ಯುತ್ತಿನದ್ದು, ಹಾಗಾಗಿ ಎಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಅರ್ಧ ಗಂಟೆ ಕಾಯುವ ಅಮ್ಮನಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಏಪ್ರಿಲ್ ಬಿಸಿಲು ಕಂಡವರಿಗೆ ಗೊತ್ತು. ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಎದ್ದು ಎರಡು ನಿಮಿಷ ಓಡಿ ಮತ್ತೆ ಮಲಗುತ್ತದೆ.

ಒಳದಾರಿಯ ಕತೆಯೂ ಹಾಗೇ. ಬ್ರಹ್ಮಾವರದಿಂದ ಬಾರ್ಕೂರು, ಕೋಟೇಶ್ವರದಿಂದ ಬಸ್ರೂರು ಕಡೆ, ಹೆಮ್ಮಾಡಿಯಿಂದ ವಂಡ್ಸೆ ದಾಟಿ ಕೊಲ್ಲೂರು. ತಿರುವು, ಸಣ್ಣ ಏರು, ಸಣ್ಣ ಇಳಿತ, ಎದುರು ಬಸ್ ಬಂದರೆ ಬದಿಗೆ ಸರಿ, ಹಸು ಅಡ್ಡ ಬಂದರೆ ನಿಲ್ಲು. ವೇಗ 40–50 ದಾಟುವುದೇ ಇಲ್ಲ. ಹೈಬ್ರಿಡ್‌ಗೆ ಇದು ಹಬ್ಬದೂಟ. ಇಂಥ ರಸ್ತೆಯಲ್ಲಿ ನಮ್ಮ ಪರದೆ 24–25 ತೋರಿಸುವುದು ಮಾಮೂಲು.

ರಾತ್ರಿ ಆಟ ನೋಡಿ ಬರುವಾಗ ಇನ್ನೊಂದು ಸುಖ. ಹೊತ್ತು ತಪ್ಪಿ ಗೇಟು ಹೊಕ್ಕರೂ ನೆರೆಮನೆ ನಾಯಿಗೆ ಎಚ್ಚರವಾಗುವುದಿಲ್ಲ. ಕೋಟೇಶ್ವರದ ಕೊಡಿ ಹಬ್ಬದ ದಿನ ಕಬ್ಬಿನ ಕೊಡಿ ಹಿಡಿದ ಜನರ ಹಿಂದೆ ನಡಿಗೆಯ ವೇಗದಲ್ಲಿ ಸಾಗುವಾಗ ಹೊಗೆಯೂ ಇಲ್ಲ, ಗದ್ದಲವೂ ಇಲ್ಲ.

ಆದರೆ ಇದೇ ಮೌನಕ್ಕೆ ಹೆದರಲೂ ಬೇಕು. ನಮ್ಮ ಒಳದಾರಿಯಲ್ಲಿ ನಡೆಯುವವರು ಹಿಂದೆ ತಿರುಗಿ ನೋಡುವುದಿಲ್ಲ, ಕಿವಿಯಲ್ಲೇ ಗಾಡಿ ಗುರುತಿಸುತ್ತಾರೆ. ಜನರಿಗೆ ಕೇಳಲಿ ಅಂತ ಕಾರು ಸಣ್ಣ ಗುಂಯ್ ಸದ್ದು ಮಾಡುತ್ತದಾದರೂ ಜುಲೈ ಮಳೆಯ ಸದ್ದಿನಲ್ಲಿ ಅದು ಯಾರಿಗೂ ಕೇಳದು. ವಯಸ್ಸಾದವರು ಕಂಡರೆ ದೂರದಿಂದಲೇ ನಿಧಾನ ಮಾಡಿ ಮೆಲ್ಲಗೆ ಒಂದು ಹಾರ್ನ್ ಕೊಡುವುದು ನಮ್ಮ ಮನೆಯ ನಿಯಮ.

ಘಾಟಿ: ವಾರಾಹಿಯ ಪಾಠ

ಬೆಂಗಳೂರಿಗೆ ಶಿವಮೊಗ್ಗ ಮೇಲೆ ಹೋಗುವವರು ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುತ್ತಾರೆ. ಹುಲಿಕಲ್ ಘಾಟಿ ಅಂತಲೂ ಹೆಸರು. ಹತ್ತುವಾಗ ಹೈಬ್ರಿಡ್ ಎಂಬ ವಿಶೇಷ ಏನೂ ಇಲ್ಲ. ಎಂಜಿನ್ ಗಟ್ಟಿಯಾಗಿ ಕೂಗುತ್ತದೆ, ಮೈಲೇಜ್ ಸರ್ರನೆ ಇಳಿಯುತ್ತದೆ.

ಇಳಿಯುವಾಗ ಮಜಾ ಇದೆ. ಹೊಸಂಗಡಿಯ ನೆಲದಡಿಯ ವಾರಾಹಿ ವಿದ್ಯುದಾಗಾರದಲ್ಲಿ ನಾಲ್ಕು ಘಟಕಗಳಿಂದ 460 ಮೆಗಾವ್ಯಾಟ್ ಉತ್ಪಾದಿಸಬಹುದು. ಘಟ್ಟದ ಮೇಲಿನ ನೀರು ಕೆಳಗೆ ಧುಮುಕಿದ್ದರ ಶಕ್ತಿ ಅದು. ಅದೇ ಘಟ್ಟ ಇಳಿಯುವ ನಮ್ಮ ಕಾರೂ ಅದೇ ಕೆಲಸ ಮಾಡುತ್ತದೆ, ನೀರಿನ ಬದಲು ತನ್ನ ತೂಕದಿಂದ. ನಾಲ್ಕು ಜನರ ಸಮೇತ 1,600 ಕಿಲೋ ಗಾಡಿ 500 ಮೀಟರ್ ಕೆಳಗಿಳಿದರೆ ಲೆಕ್ಕಕ್ಕೆ ಎರಡು ಯೂನಿಟ್‌ಗೂ ಮೇಲೆ ಶಕ್ತಿ. ರಸ್ತೆಯ ಉಜ್ಜಾಟ, ಗಾಳಿ, ಮೋಟಾರಿನ ನಷ್ಟ ಕಳೆದರೂ ಸುಮಾರು ಉಳಿಯುತ್ತದೆ. ಆದರೆ ಬ್ಯಾಟರಿ ಮುಕ್ಕಾಲು ಯೂನಿಟ್‌ನದ್ದು, ಅದರಲ್ಲೂ ಮೊದಲೇ ಅರ್ಧ ತುಂಬಿರುತ್ತದೆ. ಹಾಗಾಗಿ ಇನ್ನೂ ಅರ್ಧ ಘಾಟಿ ಬಾಕಿ ಇರುವಾಗಲೇ ಬ್ಯಾಟರಿ ಭರ್ತಿ. ಮೇಲಿನಿಂದ ಬಂದದ್ದು ವ್ಯರ್ಥ, ಅಣೆಕಟ್ಟು ತುಂಬಿ ಹರಿದ ಹಾಗೆ.

ಇದು ಬರೀ ಲೆಕ್ಕದ ವಿಷಯ ಅಲ್ಲ, ಸುರಕ್ಷತೆಯದ್ದೂ ಹೌದು. ಬ್ಯಾಟರಿ ತುಂಬಿದ ಮೇಲೆ ಮೋಟಾರು ಮೊದಲಿನಷ್ಟು ಹಿಡಿಯುವುದಿಲ್ಲ. ಗೇರ್ ಲಿವರಿನಲ್ಲಿ 'ಬಿ' ಅಂತ ಒಂದು ಸ್ಥಾನ ಇದೆ. ಇಳಿತ ಶುರುವಾಗುವಾಗಲೇ ಅದಕ್ಕೆ ಹಾಕಿದರೆ ಎಂಜಿನ್ನಿನ ತಡೆಯೂ ಸಿಗುತ್ತದೆ, ಬ್ರೇಕ್ ಕಾಯುವುದಿಲ್ಲ. ಆಗ ಪೆಟ್ರೋಲ್ ಇಲ್ಲದೆಯೇ ಎಂಜಿನ್ ಜೋರಾಗಿ ತಿರುಗುವ ಸದ್ದು ಬರುತ್ತದೆ. ಗಾಬರಿ ಬೇಡ.

ಮನೆಯಲ್ಲಿ ಓಡಿಸುವವರಿಗೆ ನಾಲ್ಕು ಮಾತು

ಒಂದು, 'ರೆಡಿ' ದೀಪ. ಗಾಡಿ ಶುರುವಾದರೂ ಸದ್ದಿಲ್ಲ, ನಿಂತರೂ ಸದ್ದಿಲ್ಲ. ಶುರುವೇ ಆಗಿಲ್ಲ ಅಂದುಕೊಂಡು ಹಾಗೇ ಬಿಟ್ಟು ಇಳಿದರೆ, ಆಮೇಲೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ತಾನೇ ಓಡಲು ಶುರು ಮಾಡಬಹುದು. ಆ ಹೊಗೆ ಅಪಾಯ. ಇಳಿಯುವ ಮೊದಲು 'ರೆಡಿ' ದೀಪ ಆರಿದೆಯಾ ನೋಡಿ.

ಎರಡು, ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿ ಜತೆಗೆ ಮಾಮೂಲಿ 12 ವೋಲ್ಟಿನದ್ದೂ ಒಂದಿದೆ. ವಾರಗಟ್ಟಲೆ ಓಡಿಸದೆ ಬಿಟ್ಟು ಅದು ಇಳಿದರೆ, ದೊಡ್ಡದು ತುಂಬಿದ್ದರೂ ಗಾಡಿ ಎಚ್ಚರಾಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಬೇಕು. ಅಪ್ಪಯ್ಯ ಇದಕ್ಕೆ ಆನೆಗುಡ್ಡೆಗೆ ಹೋಗುವ ನೆಪ ಮಾಡಿಕೊಂಡಿದ್ದಾರೆ.

ಮೂರು, ಮಳೆನೀರು. ಸೌಪರ್ಣಿಕಾ ಉಕ್ಕಿದರೆ ನಾವುಂದದ ಸಾಲ್ಬುಡದಂಥ ಕಡೆ ನೆರೆ ಬರುವುದು ಹೊಸತಲ್ಲ. ದೊಡ್ಡ ಬ್ಯಾಟರಿಗೆ ಒಳ್ಳೆ ರಕ್ಷಣೆ ಇದೆ ನಿಜ. ಆದರೆ ಎಂಜಿನ್ ಉಸಿರಾಡುವುದು ಎಲ್ಲ ಕಾರಿನಂತೆಯೇ. ರಸ್ತೆಯ ಅಂಚು ಕಾಣದಿದ್ದರೆ ವಾಪಸ್ ತಿರುಗಿಸುವುದೇ ಜಾಣತನ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಹೈವೋಲ್ಟೇಜ್ ಇರುತ್ತದೆ, ಊರ ಮೆಕ್ಯಾನಿಕ್‌ಗೂ ಅದನ್ನು ಮುಟ್ಟಲು ಬಿಡಬೇಡಿ.

ನಾಲ್ಕು, ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಅದಕ್ಕೆ ಬಾಣಂತಿಕೋಣೆ. ಹೊಗೆಸೊಪ್ಪು ಕಟ್ಟುವ ಊರ ಮದ್ದು ನಾವೂ ಮಾಡುತ್ತೇವೆ. ಜತೆಗೆ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡುವುದು ರೂಢಿಯಾಗಬೇಕು.

ಈಗ ದುಡ್ಡಿನ ಮಾತು

ಸುಲಭಕ್ಕೆ ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತಿಟ್ಟುಕೊಳ್ಳಿ. ಆಟೊಮ್ಯಾಟಿಕ್ ಪೆಟ್ರೋಲ್ ಕಾರು ಲೀಟರಿಗೆ 14, ಹೈಬ್ರಿಡ್ 22. ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ ಉಳಿಯುವುದು ಸುಮಾರು 31,000 ರೂಪಾಯಿ. ಹೈಬ್ರಿಡ್‌ಗೆ ಎರಡೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು ಎಂಟು ವರ್ಷ ಬೇಕು. ಟೊಯೊಟಾ ಹೈಬ್ರಿಡ್ ಬ್ಯಾಟರಿಗೆ ಕೊಡುವ ವಾರಂಟಿಯೂ 8 ವರ್ಷ ಅಥವಾ 1,60,000 ಕಿ.ಮೀ. ವರ್ಷಕ್ಕೆ 20,000 ಓಡಿಸುವವರಿಗೆ ಐದೇ ವರ್ಷದಲ್ಲಿ ಲೆಕ್ಕ ಚುಕ್ತಾ. ತಿಂಗಳಿಗೆ 500 ಕಿ.ಮೀ. ಓಡಿಸುವವರಿಗೆ ದುಡ್ಡಿನ ಲೆಕ್ಕದಲ್ಲಿ ಹೈಬ್ರಿಡ್ ಬೇಕಾಗಿಯೇ ಇಲ್ಲ.

ಹಾಗಾದರೆ ಪೂರ್ತಿ ವಿದ್ಯುತ್ ಕಾರೇ ತಗೊಳ್ಳಬಾರದಾ? ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಹೆಚ್ಚಿನವರಿಗೆ ಸ್ವಂತ ಅಂಗಳ ಇದೆ, ರಾತ್ರಿ ಚಾರ್ಜ್ ಹಾಕಬಹುದು. ಕಿ.ಮೀ.ಗೆ ಹೈಬ್ರಿಡ್‌ಗೆ ನಾಲ್ಕೂವರೆ ರೂಪಾಯಿ ಬಿದ್ದರೆ ಮನೆಯ ಕರೆಂಟಿನಲ್ಲಿ ಒಂದು ರೂಪಾಯಿಯ ಆಸುಪಾಸು. ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಹೈಬ್ರಿಡ್‌ಗೆ ಶೇ. 40, ವಿದ್ಯುತ್ ಕಾರಿಗೆ ಶೇ. 5. ಬರೀ ಉಡುಪಿ–ಬೈಂದೂರು ಓಡಾಟವಾದರೆ ಅದೇ ಲಾಭ.

ನಾವು ಹೈಬ್ರಿಡ್ ಆರಿಸಿದ್ದಕ್ಕೆ ಕಾರಣ ಜೂನ್–ಜುಲೈ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಒಳಹಳ್ಳಿಗೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಾಗದು, ಅಮ್ಮನ ಆಸ್ಪತ್ರೆ ತಾರೀಖು ಮಾತ್ರ ಬದಲಾಗುವುದಿಲ್ಲ. ಟ್ಯಾಂಕ್ ಅರ್ಧ ಇದ್ದರೆ ಸಾಕು ಎಂಬ ಧೈರ್ಯಕ್ಕೆ ನಾವು ಸ್ವಲ್ಪ ಹೆಚ್ಚು ದುಡ್ಡು ಕೊಟ್ಟಿದ್ದೇವೆ. ಈ ಧೈರ್ಯ ಎಲ್ಲ ಮನೆಗೂ ಬೇಕಾಗಿಲ್ಲ.

ತಗೊಳ್ಳುವ ಯೋಚನೆ ಇದ್ದರೆ ಒಂದು ವಾರ ನಿಮ್ಮ ಈಗಿನ ಗಾಡಿಯ ಓಟ ಮೊಬೈಲಿನಲ್ಲಿ ಬರೆದಿಡಿ: ಹೆದ್ದಾರಿ ಎಷ್ಟು, ಪೇಟೆ ಮತ್ತು ಒಳದಾರಿ ಎಷ್ಟು. ಎರಡನೆಯದು ಅರ್ಧಕ್ಕಿಂತ ಹೆಚ್ಚಿದ್ದು, ವರ್ಷದ ಓಟ 15,000 ದಾಟುವಂತಿದ್ದರೆ ಶೋರೂಮಿಗೆ ಹೋಗಿ. ಬ್ಯಾಟರಿ ಜಾಗ ತಿನ್ನುವುದರಿಂದ ಡಿಕ್ಕಿ ಸಣ್ಣದಿರುತ್ತದೆ, ನಿಮ್ಮ ಮನೆಯ ದೊಡ್ಡ ಸೂಟ್‌ಕೇಸ್ ಒಯ್ದು ಇಟ್ಟು ನೋಡಿ. ಟೆಸ್ಟ್ ಡ್ರೈವನ್ನು ಬರೀ ಹೈವೇಯಲ್ಲಿ ಮುಗಿಸಬೇಡಿ, ಗಾಡಿಯನ್ನು ಒಳದಾರಿಗೂ ತಿರುಗಿಸಿ. ಸ್ಟೀರಿಂಗ್ ಮಾತ್ರ ದಿನಾ ಓಡಿಸುವವರ ಕೈಯಲ್ಲೇ ಇರಲಿ.