ನೀಲಾಂಜನೆ ಮತ್ತು ಇಂದ್ರಜಾಲ: ನೋಡುಗನ ಒಲವನ್ನು ಕುರಿತು

ಕನ್ನಡ ಕಾವ್ಯದಲ್ಲಿ ಬರುವ ಅತ್ಯಂತ ಪರಿಪೂರ್ಣವಾದ ಜಾದೂ ಪ್ರಯೋಗ ಯಾವುದೆಂಬ ಪ್ರಶ್ನೆಗೆ ಪಂಪನ ಆದಿಪುರಾಣದಲ್ಲಿ ಉತ್ತರವಿದೆ. ಕ್ರಿ.ಶ. 941ರ ಈ ಕಾವ್ಯದ ನೀಲಾಂಜನೆಯ ನೃತ್ಯಪ್ರಸಂಗವನ್ನು ವೃಷಭನಾಥನ ವೈರಾಗ್ಯೋದಯದ ಸಂದರ್ಭವೆಂದು ಓದುವುದು ರೂಢಿ. ಅದರ ರಂಗತಂತ್ರವೂ ಅಷ್ಟೇ ವಿಚಾರಯೋಗ್ಯವಾದುದು. ನರ್ತಿಸುತ್ತಿರುವಾಗಲೇ ನೀಲಾಂಜನೆಯ ಆಯುಷ್ಯ ತೀರುತ್ತದೆ. ಮಿಂಚು ಮಾಯವಾದಂತೆ ಆಕೆ ಮಾಯವಾಗುತ್ತಾಳೆ. ರಸಭಂಗವಾಗದಂತೆ ಇಂದ್ರನು ಆ ಕ್ಷಣದಲ್ಲಿಯೇ ಆಕೆಯಂತೆಯೇ ಇರುವ ಮತ್ತೊಬ್ಬಳನ್ನು ನಿರ್ಮಿಸಿ ನಿಲ್ಲಿಸುತ್ತಾನೆ. ಅದೇ ರಂಗ, ಅದೇ ಲಯ, ಅದೇ ಭಂಗಿ. ಸಭೆಗೆ ಏನೂ ತಿಳಿಯುವುದಿಲ್ಲ. ವೃಷಭನಾಥನೊಬ್ಬನು ಮಾತ್ರ ಕಾಣುತ್ತಾನೆ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಿಂದ ಪಂಪನಿಗೆ ಬಂದ ಕಥೆಯಿದು. ಮಥುರೆಯ ಕಂಕಾಲೀ ಟೀಲಾದಲ್ಲಿ ದೊರೆತ ಶಿಲಾಪಟ್ಟವೊಂದರಲ್ಲಿ ಈ ನೃತ್ಯವನ್ನೇ ವಿದ್ವಾಂಸರು ಗುರುತಿಸಿದ್ದಾರೆ.

ಈ ವಿದ್ಯೆಗೆ ನಮ್ಮ ಪರಂಪರೆ ಇಟ್ಟ ಹೆಸರೇ ಇಂದ್ರನದು. ‘ಇಂದ್ರಜಾಲ’ ಗ್ರಂಥಸ್ಥ ಪದ. ‘ಕಣ್ಕಟ್ಟು’ ಜನರ ಮಾತು. ಎರಡನೆಯದು ಹೆಚ್ಚು ನಿಖರವಾದುದು, ಏಕೆಂದರೆ ಅದು ಕ್ರಿಯೆ ಎಲ್ಲಿ ನಡೆಯುತ್ತದೆಂಬುದನ್ನು ಹೇಳುತ್ತದೆ. ಹರ್ಷನ ರತ್ನಾವಳಿಯ ನಾಲ್ಕನೆಯ ಅಂಕದಲ್ಲಿ ಐಂದ್ರಜಾಲಿಕನೊಬ್ಬನು ಆಕಾಶದಲ್ಲಿ ದೇವತೆಗಳನ್ನು ತೋರಿಸುತ್ತಾನೆ, ಅಂತಃಪುರಕ್ಕೆ ಬೆಂಕಿ ಬಿದ್ದಂತೆ ಭ್ರಮೆ ಹುಟ್ಟಿಸುತ್ತಾನೆ. ನಾಯಕಿಯ ಗುರುತು ಬಯಲಾಗುವುದು ಆ ಸುಳ್ಳು ಬೆಂಕಿಯಿಂದಲೇ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಹಗ್ಗವೇರಿದಂತೆ ತೋರುವ ಮಾಯಾವಿಯನ್ನೂ ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿಯನ್ನೂ ಬೇರ್ಪಡಿಸಿ ದೃಷ್ಟಾಂತ ಕೊಡುತ್ತಾರೆ. ಗಾರುಡಿಗನು ಸಂತೆಬೀದಿಯಲ್ಲಿ ಜನ ಸೇರಿಸುತ್ತಿದ್ದ ಕಾಲಕ್ಕೇ ಶಾಸ್ತ್ರಕಾರರೂ ಅವನ ಆಟವನ್ನು ಗಮನಿಸಿ ನೋಡಿದ್ದರೆಂಬುದಕ್ಕೆ ಇದು ಸಾಕ್ಷಿ.

ಜಾದೂವಿನ ಒಲವು ಸಾಮಾನ್ಯವಾಗಿ ಹುಟ್ಟುವುದೂ ಆ ಬೀದಿಯಲ್ಲಿಯೇ. ಮೂರು ಬಟ್ಟಲು, ಒಂದು ಚೆಂಡು. ಬಟ್ಟೆ ಹೊದಿಸಿದ ಮಣ್ಣಿನ ಗುಡ್ಡೆಯಲ್ಲಿ ಎದ್ದುಬರುವ ಮಾವಿನ ಸಸಿ. ಬೆತ್ತದ ಬುಟ್ಟಿಯೊಳಗೆ ಮುದುಡಿ ಕುಳಿತ ಹುಡುಗ. ಸುತ್ತ ಕುಳಿತ ಮಕ್ಕಳಲ್ಲಿ ಹೆಚ್ಚಿನವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಯಾವನೋ ಒಬ್ಬನು ಮಾತ್ರ ಗಾರುಡಿಗ ಗಂಟು ಕಟ್ಟುವವರೆಗೂ ಕದಲುವುದಿಲ್ಲ. ಹೀಗೆ ಉಳಿದುಕೊಂಡವನ ಜೀವಮಾನದ ಆರಾಧ್ಯ ವ್ಯಕ್ತಿ, ಕಳೆದ ಶತಮಾನದ ಭಾರತದಲ್ಲಿ, ಬಹುಮಟ್ಟಿಗೆ ಒಬ್ಬರೇ: ಪಿ.ಸಿ. ಸರ್ಕಾರ್.

1913ರಲ್ಲಿ ಇಂದಿನ ಬಾಂಗ್ಲಾದೇಶದ ಟಾಂಗೈಲ್ ಪ್ರದೇಶದಲ್ಲಿ ಜನಿಸಿದ ಪ್ರತುಲ್ ಚಂದ್ರ ಸರ್ಕಾರ್ ತಮ್ಮ ಪ್ರದರ್ಶನಕ್ಕೆ ‘ಇಂದ್ರಜಾಲ್’ ಎಂದೇ ಹೆಸರಿಟ್ಟರು. ಪಾಶ್ಚಾತ್ಯ ಜಾದೂಗಾರರ ಕರಿಯ ಕೋಟಿಗೆ ಬದಲಾಗಿ ಮಹಾರಾಜನ ಪೇಟ, ಜರತಾರಿ ಅಂಗರಖಾ ಧರಿಸಿದರು. 1956ರ ಏಪ್ರಿಲ್ 9ರಂದು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದಲ್ಲಿ ಅವರು ಸಹಾಯಕಿಯನ್ನು ಯಂತ್ರಗರಗಸದಿಂದ ಸೀಳಿದರು. ಎಬ್ಬಿಸಲು ಹೋದಾಗ ಆಕೆ ಏಳಲಿಲ್ಲ. ಅವರು ಮುಖಕ್ಕೆ ಕಪ್ಪು ಬಟ್ಟೆ ಹೊದಿಸಿದರು. ನಿರೂಪಕ ರಿಚರ್ಡ್ ಡಿಂಬಲ್ಬಿ ಮುಂದೆ ಬಂದು ಕಾರ್ಯಕ್ರಮ ಮುಗಿಯಿತೆಂದರು. ಕೊಲೆಯನ್ನೇ ಕಂಡೆವೆಂದು ಬೆದರಿದ ವೀಕ್ಷಕರ ಕರೆಗಳಿಂದ ದೂರವಾಣಿ ತಂತಿಗಳು ತುಂಬಿಹೋದವು. ಹುಡುಗಿ ಕ್ಷೇಮವಾಗಿದ್ದಳು. ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದ ಟಿಕೆಟುಗಳು ಖಾಲಿಯಾದವು.

ಆದರೂ ಜಾದೂವನ್ನು ಪ್ರೀತಿಸುವವನಿಗೆ ಪರದೆಯ ಮೇಲಿನ ಆಟ ಸಾಲದು. ಪರದೆಯಲ್ಲಿ ಕ್ಯಾಮೆರಾವನ್ನು ಅನುಮಾನಿಸಬಹುದು. ರಂಗಮಂದಿರದಲ್ಲಿ ತನ್ನ ಕಣ್ಣನ್ನೇ ಅನುಮಾನಿಸಬೇಕಾಗುತ್ತದೆ. ಸರ್ಕಾರರ ‘ವಾಟರ್ ಆಫ್ ಇಂಡಿಯಾ’ ಪ್ರಯೋಗದ ಸ್ವಾರಸ್ಯ ಇಲ್ಲಿದೆ. ಪಾತ್ರೆಯ ನೀರನ್ನು ಪೂರ್ತಿ ಸುರಿದು ಖಾಲಿ ಮಾಡಿ ಬದಿಗಿಡುತ್ತಾರೆ. ಬೇರೊಂದು ಆಟ ಮುಗಿಯುತ್ತದೆ. ಮತ್ತೆ ಎತ್ತಿ ಸುರಿದರೆ ಮತ್ತೆ ನೀರು. ಇಡೀ ಸಂಜೆ ಇದು ಮರುಕಳಿಸುತ್ತದೆ. ಹುಡುಗಿಯನ್ನು ಸೀಳುವ ಆಟಕ್ಕೆ ಉಸಿರು ಬಿಗಿಹಿಡಿದ ಸಭೆ ಈ ಪಾತ್ರೆಗೆ ನಗುತ್ತದೆ. ಬಹುಕಾಲ ಕಾದು, ಕೊನೆಗೊಮ್ಮೆ ಎದುರು ಕುಳಿತು ನೋಡಿದವನ ನೆನಪಿನಲ್ಲಿ ಉಳಿಯುವುದು ಮಾತ್ರ ಹೆಚ್ಚಾಗಿ ಆ ಪಾತ್ರೆಯೇ. ಅದರ ಮರ್ಮವನ್ನು ಅವನು ಪುಸ್ತಕಗಳಲ್ಲಿ ಓದಿರುತ್ತಾನೆ. ಓದಿದ್ದೂ ಪ್ರತಿಸಲ ಬೆರಗಾಗುತ್ತಾನೆ.

ಜೈನ ಓದುಗನಿಗೆ ಇಲ್ಲೊಂದು ಗಂಭೀರ ಪ್ರಶ್ನೆ ಏಳುತ್ತದೆ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾಯೆಯೆಂದರೆ ವಂಚನೆ. ವಂಚನೆಯನ್ನೇ ಕಲೆಯಾಗಿಸಿಕೊಂಡವನನ್ನೂ ಅದಕ್ಕೆ ಒಲಿದವನನ್ನೂ ಎಲ್ಲಿಡಬೇಕು? ಜಾದೂಗಾರನು ತಾನು ಮೋಸಗೊಳಿಸುವೆನೆಂದು ಮೊದಲೇ ಸಾರುತ್ತಾನೆ. ನೋಡುಗನು ಅದಕ್ಕೆ ಒಪ್ಪಿ ಕುಳಿತಿರುತ್ತಾನೆ. ಅದೇ ಕೈಚಳಕವನ್ನು ಪವಾಡವೆಂದು ನಂಬಿಸಿದಾಗ ಅದು ಕಷಾಯವಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಕನ್ನಡನಾಡಿನಲ್ಲಿ ಚರ್ಚೆಗೆ ಬಂದದ್ದು ಈ ವ್ಯತ್ಯಾಸವೇ. ಒಪ್ಪಿಗೆಯ ವಂಚನೆಗೆ ಒಲಿದವನು ಒಪ್ಪಿಗೆಯಿಲ್ಲದ ವಂಚನೆಯನ್ನು ಬೇಗ ಗುರುತಿಸಬಲ್ಲನು. ಇದು ಆ ಒಲವಿನ ಒಂದು ಫಲ.

1971ರ ಜನವರಿ 6ರಂದು, ಜಪಾನಿನ ಪ್ರವಾಸದ ನಡುವೆ, ಸರ್ಕಾರರು ಹೃದಯಾಘಾತದಿಂದ ತೀರಿಕೊಂಡರು. ತಂದೆಯ ಪೇಟವನ್ನೂ ‘ಇಂದ್ರಜಾಲ್’ ಎಂಬ ಹೆಸರನ್ನೂ ಮಗ ಪ್ರದೀಪ್ ಚಂದ್ರ ಸರ್ಕಾರ್ ವಹಿಸಿಕೊಂಡರು; ಪಿ.ಸಿ. ಸರ್ಕಾರ್ ಜೂನಿಯರ್ ಎಂದು ಪ್ರಸಿದ್ಧರಾದರು. ಮೊದಲಕ್ಷರಗಳೂ ಅವೇ, ವೇಷವೂ ಅದೇ. ನೀಲಾಂಜನೆಯ ಪ್ರಸಂಗವನ್ನು ಬಲ್ಲವರಿಗೆ ಈ ಘಟನೆ ಅಪರಿಚಿತವೆನಿಸಲಾರದು. ಮುಂದೆ ಸಭೆಯಲ್ಲಿ ಕುಳಿತ ಹಳೆಯ ಅಭಿಮಾನಿ, ಪೇಟದ ಕೆಳಗಿನ ಮುಖ ಬೇರೆಯದೆಂದು ಬಲ್ಲನು. ಬೆಳಕು ಬಿದ್ದೊಡನೆ ಅವನ ಎದೆ ಹಾರುತ್ತದೆ. ಅದರ ಜೊತೆಗೇ, ಇನ್ನಿಲ್ಲದವರೊಬ್ಬರ ನೆನಪು ಹಾಯುತ್ತದೆ.

ವೃಷಭನಾಥನು ಬದಲಾವಣೆಯನ್ನು ಕಂಡು ಎದ್ದುಹೋದನು. ಈ ನೋಡುಗನೂ ಕಾಣುತ್ತಾನೆ, ಆದರೆ ಕುಳಿತೇ ಇರುತ್ತಾನೆ. ಆತನದು ಜ್ಞಾನ, ಇವನದು ಮೋಹವೆಂದು ತೀರ್ಮಾನಿಸುವುದು ಸುಲಭ. ಆದರೆ ಕಥೆಯ ಇಂದ್ರನಿಗೆ ಎರಡು ಹೊಣೆಗಳಿದ್ದವು: ಒಬ್ಬನನ್ನು ಎಚ್ಚರಿಸುವುದು, ಉಳಿದವರಿಗೆ ರಸ ಕೆಡದಂತೆ ಕಾಯುವುದು. ಎರಡನೆಯದನ್ನು ಪುರಾಣವು ಕೀಳೆಂದು ತಳ್ಳಿಹಾಕಿಲ್ಲ. ಕಣ್ಣು ಕಟ್ಟಿಸಿಕೊಂಡೂ ಅದು ಕಟ್ಟಿದೆಯೆಂದು ಅರಿತವನು ಆ ಸಭೆಗೂ ವೃಷಭನಾಥನಿಗೂ ನಡುವೆ ಎಲ್ಲೋ ಒಂದು ಆಸನದಲ್ಲಿದ್ದಾನೆ. ಅಲ್ಲಿಂದ ಎದ್ದುಹೋಗುವ ದಾರಿ ಅವನಿಗೂ ಮುಚ್ಚಿಲ್ಲ.